ಹುಣಸೂರು–ಸಾಲಿಗ್ರಾಮ ಪರಿಸರದ ಹಕ್ಕಿಪಿಕ್ಕಿಗಳು: ಬಲೆಗಾರಿಕೆ ಮತ್ತು ಋತುಚಕ್ರ

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಬುಡಕಟ್ಟುಗಳೆಂದೊಡನೆ ಮೊದಲು ನೆನಪಿಗೆ ಬರುವವರು ಕಾಡಿನ ಅಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರು, ಬೆಟ್ಟಕುರುಬರು ಹಾಗೂ ಯರವರು. ನಾಗರಹೊಳೆ, ಕಾಕನಕೋಟೆ ಅರಣ್ಯಗಳ ಚರಿತ್ರೆಯೊಡನೆ ಅವರ ಬದುಕು ಹೆಣೆದುಕೊಂಡಿರುವುದರಿಂದ ಇದು ಸಹಜವೇ. ಆದರೆ ಇದೇ ಪರಿಸರದಲ್ಲಿ ಕಾಡಿನೊಳಗೆ ನೆಲೆಸದೆ, ಊರಿನಲ್ಲಿಯೂ ಬೇರೂರದೆ, ಹೊಲ, ಕೆರೆ, ಕುರುಚಲು ಮತ್ತು ಜಾತ್ರೆಗಳ ನಡುವೆ ಸಂಚರಿಸುತ್ತ ಬಲೆ ಮತ್ತು ಕಣ್ಣಿಗಳಿಂದ ಜೀವನ ಸಾಗಿಸಿದ ಸಮುದಾಯವೊಂದಿದೆ. ಕನ್ನಡಿಗರು ಅವರನ್ನು ಹಕ್ಕಿಪಿಕ್ಕಿಗಳೆಂದು ಕರೆಯುತ್ತಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಇಂದು ಈ ಸಮುದಾಯದ ಪ್ರಮುಖ ನೆಲೆಗಳಲ್ಲಿ ಒಂದು. ಆ ಊರಿನ ಹೆಸರೇ ಅಲ್ಲಿಯವರ ಹಿಂದಿನ ವೃತ್ತಿಯನ್ನು ಸಾರುತ್ತದೆ.

ಹಕ್ಕಿಪಿಕ್ಕಿಗಳ ಕುಲವೃತ್ತಿಯಾದ ಬಲೆಗಾರಿಕೆಯ ಸ್ವರೂಪ, ಅದರ ಋತುಮಾನ, ವನ್ಯಜೀವಿ ಕಾನೂನುಗಳು ಜಾರಿಗೆ ಬಂದ ಮೇಲೆ ಆ ವೃತ್ತಿಯು ಪಡೆದ ರೂಪಾಂತರ, ಇವುಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಬೇಟೆ ನಿಂತುಹೋದರೂ ಬೇಟೆಯ ಸುತ್ತ ರೂಪುಗೊಂಡಿದ್ದ ವಾರ್ಷಿಕ ಚಲನೆಯ ಕ್ರಮವು ನಿಲ್ಲಲಿಲ್ಲ. ಈ ಸಂಗತಿಯನ್ನು ಗಮನಿಸದೆ ರೂಪಿಸಿದ ಯಾವ ಪುನರ್ವಸತಿಯೂ ಅಪೂರ್ಣವಾಗುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

ಹೆಸರು, ಭಾಷೆ ಮತ್ತು ಮೂಲ

'ಹಕ್ಕಿಪಿಕ್ಕಿ' ಎಂಬುದು ಹೊರಗಿನವರು ಇಟ್ಟ ಹೆಸರು. ಹಕ್ಕಿಯನ್ನು ಹಿಡಿಯುವವರು ಎಂಬ ಅರ್ಥದಲ್ಲಿ ಇದನ್ನು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಸಮುದಾಯದವರು ತಮ್ಮನ್ನು 'ವಾಗ್ರಿ'ಗಳೆಂದೂ ತಮ್ಮ ಮಾತನ್ನು 'ವಾಗ್ರಿಬೋಲಿ' ಎಂದೂ ಕರೆದುಕೊಳ್ಳುತ್ತಾರೆ. ಈ ಹೆಸರನ್ನು ಬಲೆ ಎಂಬ ಅರ್ಥವುಳ್ಳ ಸಂಸ್ಕೃತದ 'ವಾಗುರಾ' ಶಬ್ದದೊಡನೆ ಜೋಡಿಸಲಾಗಿದೆ. ಬಲೆಯೊಡ್ಡಿ ಮೃಗಗಳನ್ನು ಹಿಡಿಯುವವನಿಗೆ ಸಂಸ್ಕೃತದಲ್ಲಿ 'ವಾಗುರಿಕ' ಎಂಬ ಹೆಸರಿದೆ. ಹೀಗೆ ಹೊರಗಿನವರ ಹೆಸರು ಹಿಡಿಯಲಾಗುವ ಜೀವಿಯನ್ನು ಸೂಚಿಸಿದರೆ, ತಾವೇ ಇಟ್ಟುಕೊಂಡ ಹೆಸರು ಹಿಡಿಯುವ ಉಪಕರಣವನ್ನು ಸೂಚಿಸುತ್ತದೆ. ಸಮುದಾಯವೊಂದು ತನ್ನ ಕಸುಬಿನ ಕೌಶಲದಿಂದಲೇ ತನ್ನನ್ನು ಗುರುತಿಸಿಕೊಂಡಿರುವುದು ಗಮನಾರ್ಹ.

ವಾಗ್ರಿಬೋಲಿಯು ಗುಜರಾತಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ಇದನ್ನು ಕುರಿತು ಜಿ. ಶ್ರೀನಿವಾಸ ವರ್ಮ ಅವರ ವಿವರಣಾತ್ಮಕ ಅಧ್ಯಯನವನ್ನು ಅಣ್ಣಾಮಲೈ ವಿಶ್ವವಿದ್ಯಾಲಯವು 1970ರಲ್ಲಿ ಪ್ರಕಟಿಸಿತು. ದ್ರಾವಿಡ ಭಾಷೆಗಳ ನಡುವೆ ತಲೆಮಾರುಗಳಿಂದ ಬದುಕಿದರೂ ಈ ಮಾತು ಉಳಿದುಬಂದಿರುವುದು ಸಮುದಾಯದ ಒಳಬಿಗಿಯನ್ನು ತೋರುತ್ತದೆ. ಮನೆಯೊಳಗೆ ವಾಗ್ರಿ, ಊರಿನವರೊಡನೆ ಕನ್ನಡ, ದೂರದ ಸಂಚಾರದಲ್ಲಿ ತಮಿಳು, ತೆಲುಗು, ಹಿಂದಿ ಎಂಬ ಬಹುಭಾಷಿಕತೆ ಅವರಿಗೆ ಶಾಲೆಯಿಂದ ಬಂದುದಲ್ಲ, ವೃತ್ತಿಯಿಂದ ಬಂದುದು.

ಗುಜರಾತ್ ಮತ್ತು ರಾಜಸ್ಥಾನದ ಕಡೆಯಿಂದ ದಕ್ಷಿಣಕ್ಕೆ ಬಂದವರು ತಾವು ಎಂಬ ನಂಬಿಕೆ ಸಮುದಾಯದಲ್ಲಿ ಪ್ರಚಲಿತವಾಗಿದೆ. ಮೇವಾಡದ ರಾಣಾ ಪ್ರತಾಪಸಿಂಹನೊಡನೆ ಸಂಬಂಧ ಹೇಳುವ ಐತಿಹ್ಯವೂ ಇದೆ. ಇದನ್ನು ಇತಿಹಾಸವೆಂದು ಸ್ವೀಕರಿಸುವುದಕ್ಕಿಂತ, ಅಲೆಮಾರಿ ಸಮುದಾಯವೊಂದು ತನ್ನ ಘನತೆಯನ್ನು ಕಾಪಾಡಿಕೊಳ್ಳಲು ಉಳಿಸಿಕೊಂಡ ಸ್ಮೃತಿಯೆಂದು ಓದುವುದು ಸೂಕ್ತ. ಗುಜರಾತಿಯ, ಕಾಳಿವಾಲ, ಮೇವಾರ, ಪನ್ವಾರ ಎಂಬ ನಾಲ್ಕು ಕುಲಗಳ ಹೆಸರುಗಳು ಮಾತ್ರ ಪಶ್ಚಿಮ ಭಾರತದ ನಂಟನ್ನು ಸ್ಪಷ್ಟವಾಗಿ ಸೂಚಿಸುತ್ತವೆ. ವಿವಾಹದಲ್ಲಿ ವರನ ಕಡೆಯವರೇ ವಧುವಿನ ಕಡೆಯವರಿಗೆ ತೆರ ಕೊಡುವ ಪದ್ಧತಿ ಇವರಲ್ಲಿದೆ.

ತಮಿಳುನಾಡಿನ ನರಿಕುರವರು ಇದೇ ವಾಗ್ರಿ ಸಮೂಹಕ್ಕೆ ಸೇರಿದವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ 'ಕುರುವಿಕ್ಕಾರನ್' ಎಂಬ ಶೀರ್ಷಿಕೆಯಡಿ ಇವರನ್ನು ವರ್ಣಿಸಿದ್ದಾನೆ. ತಮಿಳರು ಇವರನ್ನು ಹಕ್ಕಿಯವರೆಂದೂ ತೆಲುಗರು ನರಿಯವರೆಂದೂ ಕರೆಯುತ್ತಿದ್ದುದನ್ನೂ, ಇವರು ನರಿಗಳನ್ನು ಹಿಡಿದು ಅವುಗಳ ಚರ್ಮದಿಂದ ಚೀಲ ಮಾಡಿಕೊಳ್ಳುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಉತ್ತರ ಕರ್ನಾಟಕದ ಹರಣಶಿಕಾರಿ ಅಥವಾ ಪಾರ್ಧಿಗಳು ಹಕ್ಕಿಪಿಕ್ಕಿಗಳಿಗೆ ವೃತ್ತಿಯಲ್ಲಿ ಸಮೀಪದವರಾದರೂ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಎರಡೂ ಪ್ರತ್ಯೇಕವಾಗಿ ನಮೂದಾಗಿವೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಹಕ್ಕಿಪಿಕ್ಕಿಗಳ ಸಂಖ್ಯೆ 11,892. ಮೈಸೂರು, ದಾವಣಗೆರೆ, ಶಿವಮೊಗ್ಗ, ಹಾಸನ, ಕೋಲಾರ ಜಿಲ್ಲೆಗಳಲ್ಲಿ ಇವರ ನೆಲೆಗಳು ಹೆಚ್ಚು.

ಪ್ರಾದೇಶಿಕ ಹಿನ್ನೆಲೆ

ಬಲೆಗಾರನ ದೃಷ್ಟಿಯಿಂದ ನೋಡಿದರೆ ಮೈಸೂರಿನ ಪಶ್ಚಿಮ ಭಾಗವು ಮೂರು ಬಗೆಯ ಕ್ಷೇತ್ರಗಳಾಗಿ ತೋರುತ್ತದೆ. ಮೊದಲನೆಯದು ಕಾವೇರಿಯ ಕಾಲುವೆಗಳ ಬಯಲು. ಕೃಷ್ಣರಾಜನಗರ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸಾಲಿಗ್ರಾಮದ ಸುತ್ತಲಿನ ಪ್ರದೇಶ ಭತ್ತದ ಕಣಜವೆಂದು ಹೆಸರಾಗಿದೆ. ನೀರು ನಿಂತ ಗದ್ದೆ, ಕಬ್ಬಿನ ತೋಟ, ನಾಲೆಯ ಏರಿ, ನದಿಯ ದಂಡೆಯ ಪೊದೆ, ಇವು ನೀರುಕೋಳಿ, ಕೊಕ್ಕರೆ, ನರಿ, ಕಾಡುಬೆಕ್ಕು, ಮುಂಗುಸಿ, ನೀರುನಾಯಿಗಳ ಆವಾಸ. ಎರಡನೆಯದು ಹುಣಸೂರು ಮತ್ತು ಪಿರಿಯಾಪಟ್ಟಣದ ಮಳೆಯಾಶ್ರಿತ ಮೈದಾನ. ರಾಗಿ, ಹುರುಳಿ, ಹೊಗೆಸೊಪ್ಪಿನ ಹೊಲಗಳೂ ಅವುಗಳ ನಡುವಿನ ಬೇಲಿ, ಗೋಮಾಳ, ಕುರುಚಲುಗಳೂ ಗೌಜಲಹಕ್ಕಿ, ಲಾವುಗೆ, ಮೊಲಗಳಿಗೆ ಆಶ್ರಯ. ಮೂರನೆಯದು ಹೆಗ್ಗಡದೇವನಕೋಟೆಯ ಕಾಡಂಚು. ಇಲ್ಲಿ ಕಾಡುಕೋಳಿ, ಉಡ, ಮುಳ್ಳುಹಂದಿಗಳು ಹೊಲಗಳ ಅಂಚಿಗೆ ಬರುತ್ತವೆ.

ಈ ಮೂರರಲ್ಲಿ ದಟ್ಟ ಕಾಡು ಸೇರಿಲ್ಲ ಎಂಬುದನ್ನು ಗಮನಿಸಬೇಕು. ಹಕ್ಕಿಪಿಕ್ಕಿಗಳ ಬೇಟೆ ಮುಖ್ಯವಾಗಿ ಮಾನವ ನಿರ್ಮಿತ ಪರಿಸರದ ಸಣ್ಣ ಪ್ರಾಣಿಪಕ್ಷಿಗಳನ್ನು ಅವಲಂಬಿಸಿತ್ತು. ಕಾಳು ತಿನ್ನುವ ಹಕ್ಕಿ, ಇಲಿಯನ್ನು ಅರಸಿ ಬರುವ ಕಾಡುಬೆಕ್ಕು, ಕಬ್ಬಿನ ತೋಟದಲ್ಲಿ ಅಡಗುವ ನರಿ, ಇವೆಲ್ಲ ಬೇಸಾಯವನ್ನು ಹಿಂಬಾಲಿಸುವ ಜೀವಿಗಳು. ಆದುದರಿಂದ ಬಲೆಗಾರನೂ ಬೇಸಾಯವನ್ನು ಹಿಂಬಾಲಿಸಿದ. ಜೇನುಕುರುಬರ ವರ್ಷವು ಕಾಡಿನ ಹೂವು ಮತ್ತು ಜೇನನ್ನು ಅನುಸರಿಸಿದರೆ, ಹಕ್ಕಿಪಿಕ್ಕಿಗಳ ವರ್ಷವು ರೈತನ ಉಳುಮೆ ಮತ್ತು ಕೊಯ್ಲನ್ನು ಅನುಸರಿಸಿತು.

ಬಲೆ, ಕಣ್ಣಿ ಮತ್ತು ದೀಹ

ಬಲೆಗಾರಿಕೆಯ ಉಪಕರಣಗಳು ಸರಳ. ಅವುಗಳ ಹಿಂದಿನ ಅರಿವು ಸರಳವಲ್ಲ. ಕಣ್ಣಿಯೆಂದರೆ ಎಳೆದಷ್ಟೂ ಬಿಗಿಯುವ ಕುಣಿಕೆ. ಇಂತಹ ಕುಣಿಕೆಗಳನ್ನು ಸಾಲಾಗಿ ಒಂದು ಹಗ್ಗಕ್ಕೆ ಕಟ್ಟಿ, ಅಲ್ಲಲ್ಲಿ ಸಣ್ಣ ಗೂಟಗಳಿಂದ ನೆಲಕ್ಕೆ ಊರಿ, ಹಕ್ಕಿ ಅಥವಾ ಮೊಲ ಓಡಾಡುವ ದಾರಿಗೆ ಅಡ್ಡಲಾಗಿ ಒಡ್ಡಲಾಗುತ್ತದೆ. ಕುಣಿಕೆಯ ಎತ್ತರ ಮತ್ತು ಅಗಲ ಹಿಡಿಯಬೇಕಾದ ಪ್ರಾಣಿಯ ಕತ್ತು ಅಥವಾ ಕಾಲಿನ ಅಳತೆಗೆ ಹೊಂದಬೇಕು. ಪ್ರಾಣಿ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರುವುದೆಂಬುದನ್ನು ಹೆಜ್ಜೆ, ಹಿಕ್ಕೆ, ಉದುರಿದ ಗರಿ, ಮಣ್ಣಿನಲ್ಲಿ ಮಿಂದ ಗುರುತುಗಳಿಂದ ಮೊದಲೇ ತಿಳಿಯಬೇಕು.

ಎರಡನೆಯ ವಿಧಾನ ದೀಹದ ಬಳಕೆ. ಪಳಗಿಸಿದ ಹಕ್ಕಿಯನ್ನೋ ಮೃಗವನ್ನೋ ಮುಂದಿಟ್ಟು ಅದೇ ಜಾತಿಯ ಕಾಡುಜೀವಿಯನ್ನು ಸೆಳೆಯುವ ಕ್ರಮವಿದು. ಗೌಜಲಹಕ್ಕಿಯ ಬೇಟೆಯಲ್ಲಿ ಇದು ವಿಶೇಷವಾಗಿ ಫಲಕಾರಿ. ಗಂಡು ಗೌಜಲು ತನ್ನ ಎಲ್ಲೆಯನ್ನು ಕೂಗಿನಿಂದ ಸಾರುತ್ತದೆ. ಬೇರೊಂದು ಗಂಡಿನ ಕೂಗು ತನ್ನ ಎಲ್ಲೆಯೊಳಗೆ ಕೇಳಿದರೆ ಕಾದಾಡಲು ಧಾವಿಸುತ್ತದೆ. ಪಂಜರದ ಗೌಜಲನ್ನು ಬೆಳಗಿನ ಜಾವ ಹೊಲದ ಬದುವಿನಲ್ಲಿಟ್ಟು ಸುತ್ತ ಕಣ್ಣಿಯೊಡ್ಡಿದರೆ, ಕಾದಲು ಬಂದ ಹಕ್ಕಿಯ ಕಾಲು ಕುಣಿಕೆಗೆ ಸಿಕ್ಕುತ್ತದೆ. ಹಕ್ಕಿಯ ಶೌರ್ಯವೇ ಅದರ ಸೆರೆಗೆ ಕಾರಣವಾಗುವ ಈ ತಂತ್ರವು ಜೀವಿಯ ಸ್ವಭಾವದ ಸೂಕ್ಷ್ಮ ಪರಿಜ್ಞಾನವನ್ನು ಬೇಡುತ್ತದೆ.

ನರಿಬೇಟೆಯಲ್ಲಿ ದೀಹದ ಸ್ಥಾನವನ್ನು ಬೇಟೆಗಾರನ ಕಂಠವೇ ತುಂಬುತ್ತದೆ. ನರಿಗಳು ಮುಸ್ಸಂಜೆಯಲ್ಲಿ ಒಂದಕ್ಕೊಂದು ಕೂಗಿ ಉತ್ತರಿಸುವ ಸ್ವಭಾವದವು. ಬಲೆಯೊಡ್ಡಿ ಮರೆಯಲ್ಲಿ ಕುಳಿತವನು ನರಿಯ ಕೂಗನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಸೆಳೆಯುವುದು ವಾಗ್ರಿಗಳ ಪ್ರಸಿದ್ಧ ಕೌಶಲ. ಹೀಗೆ ಹಿಡಿದ ನರಿಯ ಮಾಂಸ ಆಹಾರವಾಗುತ್ತಿತ್ತು, ಚರ್ಮ ಚೀಲವಾಗುತ್ತಿತ್ತು, ಹಲ್ಲು ಮತ್ತು 'ನರಿಕೊಂಬು' ತಾಯಿತದ ವಸ್ತುವಾಗಿ ಮಾರಾಟವಾಗುತ್ತಿದ್ದವು. ಅದೃಷ್ಟ ಒಲಿದವನನ್ನು 'ಎದ್ದು ನರಿಯ ಮುಖ ನೋಡಿದವನು' ಎನ್ನುವ ಕನ್ನಡ ನಾಡಿನ ನಂಬಿಕೆಯೇ ಈ ಮಾರಾಟಕ್ಕೆ ನೆಲೆ ಒದಗಿಸಿತ್ತು.

ಈ ತಂತ್ರಗಳು ವಾಗ್ರಿಗಳದೇ ಆದರೂ ಅವು ಈ ನೆಲಕ್ಕೆ ಹೊಸವಲ್ಲ. ಬಲೆಗೆ 'ಬೆಳ್ಳಾರ', ಮೃಗಗಳನ್ನು ಎಬ್ಬಿಸಿ ಅಟ್ಟುವುದಕ್ಕೆ 'ಸೋಹು', ಪಳಗಿಸಿದ ಮೃಗಕ್ಕೆ 'ದೀಹ' ಎಂಬ ಪಾರಿಭಾಷಿಕ ಪದಗಳು ಹಳಗನ್ನಡದಲ್ಲಿವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಯ ಬಗೆಗಳನ್ನು ವಿವರಿಸುವಾಗ ಪಳಗಿಸಿದ ಜಿಂಕೆಯ ಬಳಕೆಯನ್ನೂ ಹೇಳಿದ್ದಾನೆ. ಒಂದೇ ತಂತ್ರವು ಅರಸನ ಕೈಯಲ್ಲಿ ವಿನೋದವಾಗಿ, ಅಲೆಮಾರಿಯ ಕೈಯಲ್ಲಿ ಹೊಟ್ಟೆಪಾಡಾಗಿ ಚರಿತ್ರೆಯುದ್ದಕ್ಕೂ ಸಾಗಿಬಂದಿದೆ.

ವರ್ಷದ ಚಕ್ರ

ಹಕ್ಕಿಪಿಕ್ಕಿಗಳು ವರ್ಷದಲ್ಲಿ ಸುಮಾರು ಒಂಬತ್ತು ತಿಂಗಳು ಬೇಟೆಯ ಸಂಚಾರದಲ್ಲಿದ್ದು ಮೂರು ತಿಂಗಳು ಒಂದೆಡೆ ನೆಲೆ ನಿಲ್ಲುತ್ತಿದ್ದರೆಂದು ಸಮುದಾಯವನ್ನು ಅಧ್ಯಯನ ಮಾಡಿದವರು ಹೇಳಿದ್ದಾರೆ. ಈ ವಿಭಜನೆಯ ತರ್ಕವು ಮೈಸೂರು ಸೀಮೆಯ ಮಳೆ ಮತ್ತು ಬೆಳೆಗಳಲ್ಲಿ ಅಡಗಿದೆ.

ಮುಂಗಾರು ಬಲಿತ ಮೇಲೆ ಬಲೆಗಾರನಿಗೆ ಎಲ್ಲವೂ ಪ್ರತಿಕೂಲ. ನೆಲ ಕೆಸರಾಗಿ ಗೂಟಗಳು ನಿಲ್ಲುವುದಿಲ್ಲ. ನೂಲಿನ ಬಲೆ ನೆನೆದು ಕೊಳೆಯುತ್ತದೆ. ಪೈರು ಎತ್ತರವಾಗಿ ಪ್ರಾಣಿಗಳು ಕಣ್ಣಿಗೆ ಬೀಳುವುದಿಲ್ಲ. ಬೆಳೆದ ಹೊಲಕ್ಕೆ ಕಾಲಿಡಲು ರೈತನೂ ಒಪ್ಪುವುದಿಲ್ಲ. ಅನೇಕ ಹಕ್ಕಿಗಳು ಗೂಡುಕಟ್ಟಿ ಮರಿ ಮಾಡುವ ಕಾಲವೂ ಇದರೊಡನೆ ಕೂಡುತ್ತದೆ. ಚದುರಿದ ತಂಡಗಳು ಒಂದೆಡೆ ಸೇರುವ ಇಂತಹ ಬಿಡುವು ಬಲೆಗಳನ್ನು ಹೆಣೆಯುವುದಕ್ಕೂ ಮದುವೆ, ಕುಲದ ನ್ಯಾಯತೀರ್ಮಾನ, ದೇವತಾಪೂಜೆಗಳಿಗೂ ಒದಗುವ ಕಾಲ. ವಾಗ್ರಿಗಳಲ್ಲಿ ಪ್ರತಿಯೊಂದು ವಂಶಕ್ಕೂ ತನ್ನದೇ ಆದ ದೇವಿಯಿದ್ದು, ಆಕೆಯ ವಸ್ತುಗಳನ್ನು ಗಂಟಿನಲ್ಲಿ ಕಟ್ಟಿ ಜೊತೆಯಲ್ಲಿಯೇ ಒಯ್ಯುವ ಪದ್ಧತಿಯಿದೆ. ಬಲಿಗೆ ಅರ್ಪಿಸುವ ಪ್ರಾಣಿ ಕೋಣವೇ ಆಡೇ ಎಂಬುದು ವಂಶಗಳ ವರ್ಗೀಕರಣಕ್ಕೆ ಆಧಾರವಾಗಿದೆ. ದೇವಾಲಯವಿಲ್ಲದ, ಹೊತ್ತು ಸಾಗಿಸಬಹುದಾದ ಈ ದೈವವು ಸಂಚಾರಿ ಜೀವನಕ್ಕೆ ತಕ್ಕುದಾಗಿದೆ.

ಹಿಂಗಾರು ತಗ್ಗಿ ಕೊಯ್ಲು ಆರಂಭವಾದಾಗ ಬಲೆಗಾರನ ವರ್ಷ ತೆರೆಯುತ್ತದೆ. ಮಾರ್ಗಶಿರ–ಪುಷ್ಯ ಮಾಸಗಳಲ್ಲಿ ಗದ್ದೆಗಳು ಬಯಲಾಗಿ ಕೂಳೆಯಲ್ಲಿ ಉದುರಿದ ಕಾಳಿಗೆ ಹಕ್ಕಿಗಳು ಇಳಿಯುತ್ತವೆ. ಉತ್ತರದಿಂದ ವಲಸೆ ಬರುವ ಲಾವುಗೆಗಳೂ ಬಾತುಗಳೂ ಇದೇ ಸಮಯದಲ್ಲಿ ದಖ್ಖನಿನ ಹೊಲ ಮತ್ತು ಕೆರೆಗಳನ್ನು ಸೇರುತ್ತವೆ. ಕಬ್ಬಿನ ಕಟಾವು ಸಾಗಿದಂತೆ ಅಲ್ಲಿ ಅಡಗಿದ್ದ ನರಿ, ಕಾಡುಬೆಕ್ಕುಗಳು ಮರೆ ಕಳೆದುಕೊಳ್ಳುತ್ತವೆ. ಮಾಘ–ಫಾಲ್ಗುಣದ ಹೊತ್ತಿಗೆ ನೀರಿನ ತಾಣಗಳು ಕಡಿಮೆಯಾಗಿ ಪ್ರಾಣಿಗಳ ಓಡಾಟ ಕೆಲವೇ ದಾರಿಗಳಿಗೆ ಸೀಮಿತವಾಗುತ್ತದೆ. ಕಣ್ಣಿಯೊಡ್ಡುವವನಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಇದೇ ಅವಧಿ ಜಾತ್ರೆಗಳ ಕಾಲವೂ ಹೌದು. ಸಂಕ್ರಾಂತಿಯ ಆಸುಪಾಸಿನ ಚುಂಚನಕಟ್ಟೆಯ ದನಗಳ ಜಾತ್ರೆ, ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ ಜಾತ್ರೆ, ಶಿವರಾತ್ರಿಯಲ್ಲಿ ಆರಂಭವಾಗುವ ಕಪ್ಪಡಿಯ ರಾಚಪ್ಪಾಜಿ ಜಾತ್ರೆ, ಇವು ಕಾವೇರಿ ಬಯಲು ಹಾಗೂ ಅದರ ನೆರೆಯ ಮೈದಾನದ ಜನರೆಲ್ಲರೂ ಕೂಡುವ ಸಂದರ್ಭಗಳು. ಕೊಯ್ಲು ಮುಗಿದು ರೈತನ ಕೈಯಲ್ಲಿ ಕಾಸಿರುವ, ಮನೆಯಲ್ಲಿ ಕಾಳಿರುವ ಕಾಲವಿದು. ಗಂಡಸರು ಬೇಟೆಗೆ ಹೋದರೆ ಹೆಂಗಸರು ಊರೊಳಗೆ ಹೋಗಿ ಭಿಕ್ಷೆ ಬೇಡುವುದು, ಸೂಜಿ, ಪಿನ್ನು, ಮಣಿಸರ ಮಾರುವುದು ಈ ವೃತ್ತಿಯ ಇನ್ನೊಂದು ಮುಖ. ಬೇಟೆಯನ್ನು ಮಾತ್ರ ವೃತ್ತಿಯೆಂದು ಪರಿಗಣಿಸಿ ಹೆಂಗಸರ ವ್ಯಾಪಾರವನ್ನು ಉಪವೃತ್ತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಬಲೆಗೆ ಏನೂ ಬೀಳದ ದಿನಗಳಲ್ಲಿ ಗುಡಾರದ ಒಲೆ ಉರಿದುದು ಈ ವ್ಯಾಪಾರದಿಂದಲೇ. ಮುಂದೆ ಬೇಟೆ ನಿಂತಾಗ ಸಮುದಾಯವನ್ನು ಕಾಪಾಡಿದುದೂ ಇದೇ.

ತುಪ್ಪಳದ ಪ್ರಶ್ನೆ

ಬಲೆಯೊಡ್ಡಿ ಪ್ರಾಣಿ ಹಿಡಿಯುವ ವೃತ್ತಿಯು ಜಗತ್ತಿನ ಅನೇಕ ಕಡೆ ತುಪ್ಪಳದ ವ್ಯಾಪಾರದೊಡನೆ ಬೆಳೆದಿದೆ. 1670ರಲ್ಲಿ ಸ್ಥಾಪನೆಯಾಗಿ ಕೆನಡಾದಲ್ಲಿ ವ್ಯಾಪಾರ ನಡೆಸಿದ ಹಡ್ಸನ್ ಬೇ ಕಂಪನಿ, ಸೈಬೀರಿಯಾದ ತುಪ್ಪಳ ವ್ಯಾಪಾರ ಇವೆಲ್ಲ ಚಳಿಗಾಲದ ದಟ್ಟ ತುಪ್ಪಳವನ್ನು ಆಧರಿಸಿದವು. ಅಲ್ಲಿ ಬೇಟೆಯ ಋತುವನ್ನು ನಿರ್ಧರಿಸಿದುದು ಪ್ರಾಣಿಯ ಮೈಗೂದಲು. ಮೈಸೂರಿನಂತಹ ಉಷ್ಣ ಪ್ರದೇಶದಲ್ಲಿ ನರಿ, ಕಾಡುಬೆಕ್ಕುಗಳ ಕೂದಲು ಗಿಡ್ಡವೂ ಒರಟೂ ಆಗಿರುವುದರಿಂದ ಅಂತಹ ಮಾರುಕಟ್ಟೆ ಇಲ್ಲಿನ ಬೇಟೆಯನ್ನು ನಿಯಂತ್ರಿಸಲಿಲ್ಲ. ಇಲ್ಲಿ ಚರ್ಮವು ಮಾಂಸಕ್ಕೆ ಜೊತೆಯಾಗಿ ದೊರೆತ ವಸ್ತು; ಋತುವನ್ನು ನಿರ್ಧರಿಸಿದುದು ಬೆಳೆ ಮತ್ತು ಜಾತ್ರೆ.

ಹಾಗೆಂದು ಭಾರತದಲ್ಲಿ ತುಪ್ಪಳದ ವ್ಯಾಪಾರ ಇರಲಿಲ್ಲವೆಂದಲ್ಲ. ಭಾರತವು 1976ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವನ್ನು ಸೇರಿತು. 1979ರಲ್ಲಿ ದೇಶದ ವ್ಯಾಪಾರಿಗಳು ಘೋಷಿಸಿದ ದಾಸ್ತಾನಿನಲ್ಲಿ 3 ಲಕ್ಷಕ್ಕೂ ಮಿಕ್ಕಿದ ಕಾಡುಬೆಕ್ಕಿನ ಚರ್ಮಗಳಿದ್ದವು. ಬಂಡವಾಳ ಹೂಡಿದವರು ದೊಡ್ಡ ನಗರಗಳಲ್ಲಿದ್ದರು. ಹಿಡಿದುಕೊಟ್ಟವರು ದೇಶದ ನಾನಾ ಭಾಗಗಳ ಬಡ ಬಲೆಗಾರರು. ಕಾನೂನು ಬಿಗಿಯಾದಾಗ ಮೊದಲು ಸಿಕ್ಕಿಬಿದ್ದವರೂ ಇಂತಹವರೇ.

ಮೈಸೂರು ನಗರದ ಉದಾಹರಣೆಯೊಂದು ಈ ಅಸಮಾನತೆಯನ್ನು ಸ್ಪಷ್ಟಪಡಿಸುತ್ತದೆ. 1900ರ ಸುಮಾರಿಗೆ ಅಲ್ಲಿ ಆರಂಭವಾದ ವ್ಯಾನ್ ಇಂಗೆನ್ ಚರ್ಮಪ್ರಸಾಧನ ಸಂಸ್ಥೆಯು ಅರಸರು, ಬ್ರಿಟಿಷ್ ಅಧಿಕಾರಿಗಳು ಮತ್ತು ಶಿಕಾರಿ ಹವ್ಯಾಸಿಗಳು ಕೊಂದ ಪ್ರಾಣಿಗಳನ್ನು ಅಲಂಕಾರದ ವಸ್ತುಗಳಾಗಿ ಸಿದ್ಧಪಡಿಸಿ ಜಗತ್ಪ್ರಸಿದ್ಧವಾಯಿತು. 20ನೆಯ ಶತಮಾನದ ಕೊನೆಯಲ್ಲಿ ಮುಚ್ಚುವವರೆಗೆ ಅದು ನಿರ್ವಹಿಸಿದ ಹುಲಿ ಮತ್ತು ಚಿರತೆಗಳ ಸಂಖ್ಯೆಯೇ 40,000ವನ್ನು ಮೀರಿತ್ತೆಂದು ಸಂಸ್ಥೆಯ ಇತಿಹಾಸವನ್ನು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ ಕಾರ್ಯಾಚರಣೆಗಳು 1971ರವರೆಗೂ ನಡೆದವು. ಒಂದೇ ಜಿಲ್ಲೆಯಲ್ಲಿ, ಒಂದೇ ಕಾಲದಲ್ಲಿ ಬೇಟೆಯು ಕೆಲವರಿಗೆ ಪ್ರತಿಷ್ಠೆಯಾಗಿಯೂ ಕೆಲವರಿಗೆ ಕಳಂಕವಾಗಿಯೂ ಪರಿಣಮಿಸಿತು.

ಕಾನೂನು ಮತ್ತು ಕಸುಬು

ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ನಿಯಂತ್ರಣಕ್ಕೆ 1901ರಷ್ಟು ಹಿಂದೆಯೇ ಶಾಸನವಿತ್ತು. ಆದರೆ ಸಣ್ಣ ಪ್ರಾಣಿಪಕ್ಷಿಗಳನ್ನು ಹಿಡಿಯುವವರ ಬದುಕನ್ನು ಬುಡಸಹಿತ ಅಲುಗಿಸಿದುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯು ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ವ್ಯವಸ್ಥೆಯನ್ನು ಉಳಿಸಿಕೊಂಡಿತ್ತು. 1986ರ ತಿದ್ದುಪಡಿಯು ವನ್ಯಪ್ರಾಣಿಜನ್ಯ ವಸ್ತುಗಳ ವ್ಯಾಪಾರದ ಮೇಲೆ ಕಟ್ಟುನಿಟ್ಟಿನ ನಿಷೇಧ ತಂದಿತು. 1990–91ರ ಹೊತ್ತಿಗೆ ದೇಶೀಯ ಕಾಡುಹಕ್ಕಿಗಳ ಮಾರಾಟವೂ ನಿಂತಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ಕೊನೆಗಾಣಿಸಿತು. ಸುಮಾರು 20 ವರ್ಷಗಳಲ್ಲಿ, ಅಂದರೆ ಒಂದೇ ತಲೆಮಾರಿನಲ್ಲಿ, ತಂದೆಯ ಕಸುಬು ಮಗನಿಗೆ ಅಪರಾಧವಾಯಿತು.

ಈ ಕಾನೂನುಗಳ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಲಕ್ಷಗಟ್ಟಲೆ ಚರ್ಮಗಳ ದಾಸ್ತಾನು ಅವು ಏಕೆ ಬೇಕಾದವೆಂಬುದನ್ನು ತಾನೇ ಹೇಳುತ್ತದೆ. ಪ್ರಶ್ನೆಯಿರುವುದು ಕಾನೂನಿನ ಗುರಿಯಲ್ಲಲ್ಲ, ಅದರ ಇನ್ನೊಂದು ಬದಿಯಲ್ಲಿ ನಿಂತವರ ಪಾಡಿನಲ್ಲಿ. 2006ರ ಅರಣ್ಯ ಹಕ್ಕುಗಳ ಕಾಯ್ದೆಯನ್ನು ಈ ದೃಷ್ಟಿಯಿಂದ ಓದಬೇಕು. ಬುಡಕಟ್ಟುಗಳಿಗೆ ಚಾರಿತ್ರಿಕವಾಗಿ ಆದ ಅನ್ಯಾಯವನ್ನು ಸರಿಪಡಿಸುವ ಉದ್ದೇಶದಿಂದ ಬಂದ ಈ ಕಾಯ್ದೆಯು ಸಾಗುವಳಿ, ಕಿರು ಅರಣ್ಯ ಉತ್ಪನ್ನ, ಮೇವು, ಮೀನುಗಾರಿಕೆ ಮುಂತಾದ ಹಕ್ಕುಗಳನ್ನು ಮಾನ್ಯಮಾಡುತ್ತದೆ. ಆದರೆ ಇತರ ಸಾಂಪ್ರದಾಯಿಕ ಹಕ್ಕುಗಳನ್ನು ಹೇಳುವ 3(1)(ಎಲ್) ಉಪಪ್ರಕರಣದಲ್ಲಿ ವನ್ಯಪ್ರಾಣಿಗಳನ್ನು ಬೇಟೆಯಾಡುವ, ಬಲೆಯೊಡ್ಡಿ ಹಿಡಿಯುವ ಅಥವಾ ಅವುಗಳ ಅಂಗಗಳನ್ನು ತೆಗೆಯುವ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಜೇನುಕುರುಬರ ಜೇನು ಈ ಕಾಯ್ದೆಯಡಿ ಹಕ್ಕಾಗಬಲ್ಲುದು. ವಾಗ್ರಿಯ ಬಲೆ ಆಗಲಾರದು. ಕಾಡಿನಲ್ಲಿ ವಾಸವಿಲ್ಲದ ಕಾರಣ ಕಾಯ್ದೆಯ ಉಳಿದ ಹಕ್ಕುಗಳೂ ಹಕ್ಕಿಪಿಕ್ಕಿಗಳಿಗೆ ದಕ್ಕುವುದು ಕಷ್ಟ. ಹೀಗೆ ವೃತ್ತಿ ಕಳೆದುಕೊಂಡ ಪಂಗಡವೊಂದು ಪರಿಹಾರದ ಕಾಯ್ದೆಯ ಹೊರಗೂ ಉಳಿಯಿತು.

ನೆಲೆ ಮತ್ತು ಹೊಸ ವ್ಯಾಪಾರ

20ನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರವು ಹಕ್ಕಿಪಿಕ್ಕಿಗಳನ್ನು ಕಾಲೊನಿಗಳಲ್ಲಿ ನೆಲೆಗೊಳಿಸುವ ನೀತಿಯನ್ನು ಅನುಸರಿಸಿತು. ಬೆಂಗಳೂರಿನ ಬಳಿಯ ಬನ್ನೇರುಘಟ್ಟ, ಹಾಸನ ಜಿಲ್ಲೆಯ ಅಂಗಡಿಹಳ್ಳಿ, ಶಿವಮೊಗ್ಗದ ಸದಾಶಿವಪುರ ಮತ್ತು ಹುಣಸೂರಿನ ಪಕ್ಷಿರಾಜಪುರ ಇಂತಹ ನೆಲೆಗಳು. ಅಲೆಮಾರಿಯನ್ನು ರೈತನನ್ನಾಗಿ ಮಾಡಿದರೆ ಸಮಸ್ಯೆ ತೀರುವುದೆಂಬುದು ಈ ನೀತಿಯ ಹಿಂದಿನ ತಿಳಿವಳಿಕೆ. ಮನೆ, ಪಡಿತರ ಚೀಟಿ, ಶಾಲೆ, ಮತದ ಹಕ್ಕುಗಳು ಇದರಿಂದ ದೊರೆತವು. ಇವು ಸಣ್ಣ ಲಾಭಗಳಲ್ಲ. ಆದರೆ ಸಂಚಾರ ನಿಲ್ಲಲಿಲ್ಲ. ಹಕ್ಕಿಪಿಕ್ಕಿಗಳು ಜಾತ್ರೆಗಳಲ್ಲಿ ಸಾಂಬಾರ ಪದಾರ್ಥ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ, ತೈಲಗಳ ಮಾರಾಟಕ್ಕೆ ತೊಡಗಿದರು. ಹಿಂದೆ ಹೆಂಗಸರ ಪಾಲಿಗಿದ್ದ ಊರೂರ ವ್ಯಾಪಾರವು ಈಗ ಇಡೀ ಕುಟುಂಬದ ಕಸುಬಾಯಿತು.

ಈ ಚಲನೆಯು ದೇಶದ ಗಡಿಯನ್ನೂ ದಾಟಿತು. ಗಿಡಮೂಲಿಕೆ ಮತ್ತು ತೈಲಗಳನ್ನು ಹೊತ್ತು ಆಫ್ರಿಕಾದ ದೇಶಗಳಿಗೆ ತಂಡತಂಡವಾಗಿ ಹೋಗಿ ಕೆಲವು ತಿಂಗಳು ವ್ಯಾಪಾರ ಮಾಡಿ ಮರಳುವುದು ರೂಢಿಯಾಯಿತು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನಾಪಡೆಗಳ ನಡುವೆ ಸಂಘರ್ಷ ಆರಂಭವಾದಾಗ ಅಲ್ಲಿ ಸಿಲುಕಿದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಮೊದಲು ಸುದ್ದಿಯಾದ 31 ಜನರ ತಂಡದಲ್ಲಿ ಹುಣಸೂರು, ಶಿವಮೊಗ್ಗ ಮತ್ತು ಚನ್ನಗಿರಿ ಕಡೆಯವರಿದ್ದರು. ಭಾರತ ಸರ್ಕಾರವು ಏಪ್ರಿಲ್ 24ರಿಂದ ಕೈಗೊಂಡ 'ಆಪರೇಷನ್ ಕಾವೇರಿ' ತೆರವು ಕಾರ್ಯಾಚರಣೆಯಲ್ಲಿ ಸುಡಾನಿನ ಭಾರತೀಯರನ್ನು ಕರೆತರಲಾಯಿತು. ಸಾಮಾನ್ಯ ಓದುಗರಿಗೆ ಹಕ್ಕಿಪಿಕ್ಕಿಗಳು ಆಫ್ರಿಕಾದಲ್ಲಿದ್ದುದೇ ಆಶ್ಚರ್ಯವಾಗಿ ಕಂಡಿತು. ಸಮುದಾಯದ ಋತುಚಕ್ರವನ್ನು ಬಲ್ಲವರಿಗೆ ಅದು ಹಳೆಯ ಸಂಚಾರದ ದೀರ್ಘವಾದ ಹೆಜ್ಜೆಯಷ್ಟೇ. ಒಯ್ಯುವ ಸರಕು ಬದಲಾಗಿತ್ತು, ಹೋಗುವ ದೂರ ಬೆಳೆದಿತ್ತು. ತಂಡ ಕಟ್ಟಿಕೊಂಡು ಹೊರಡುವುದು ಮತ್ತು ಮರಳುವುದು ಹಾಗೆಯೇ ಇದ್ದವು.

ಅದೇ ವರ್ಷದಿಂದೀಚೆಗೆ ಪಕ್ಷಿರಾಜಪುರದ ಕೂದಲಿನ ತೈಲವು ಸಾಮಾಜಿಕ ಜಾಲತಾಣಗಳ ಮೂಲಕ ದೇಶದಾದ್ಯಂತ ಪ್ರಚಾರ ಪಡೆಯಿತು. ನೀಳ ಕೇಶರಾಶಿಯ ಗಂಡಸರು, ಹೆಂಗಸರು ತಾವೇ ತೈಲದ ಜಾಹೀರಾತಾಗಿ ನಿಂತ ಚಿತ್ರಗಳು ಪರಿಚಿತವಾದವು. ಆರ್ಥಿಕವಾಗಿ ಕೆಲವು ಕುಟುಂಬಗಳಿಗೆ ಇದು ನೆರವಾದುದು ನಿಜ. ಆದರೆ 'ಆದಿವಾಸಿ' ಎಂಬ ಗುರುತೇ ಇಲ್ಲಿ ಸರಕಿನ ಮುದ್ರೆಯಾಗಿದೆ. ಕಾಡುಜೀವಿಯ ಸ್ವಭಾವವನ್ನು ಬಲ್ಲ ನಿಜವಾದ ಪಾರಂಪರಿಕ ಜ್ಞಾನಕ್ಕೆ ಮಾರುಕಟ್ಟೆಯಲ್ಲಿ ಸ್ಥಾನವಿಲ್ಲ. ಮೂಲಿಕೆಯ ರಹಸ್ಯದ ಪ್ರತೀತಿಗೆ ಮಾತ್ರ ಬೆಲೆಯಿದೆ. ಬೇಡಿಕೆ ತಗ್ಗಿದ ದಿನ ಈ ಆಧಾರವೂ ಕುಸಿಯಬಹುದು.

ಬಳಕೆಯಾಗದ ಅರಿವು

ಬಲೆಗಾರನ ಅರಿವನ್ನು ಸಂರಕ್ಷಣೆಯ ಕೆಲಸಕ್ಕೆ ತಿರುಗಿಸಬಹುದೆಂಬುದಕ್ಕೆ ಭಾರತದಲ್ಲಿಯೇ ನಿದರ್ಶನಗಳಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಲಸೆಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡುವ ಯೋಜನೆಯನ್ನು ಕೈಗೊಂಡಾಗ, ಹಕ್ಕಿಗಳನ್ನು ಗಾಯವಾಗದಂತೆ ಹಿಡಿಯಲು ಬಿಹಾರದ ಮೀರ್‌ಶಿಕಾರ್ ಬಲೆಗಾರರ ನೆರವು ಪಡೆಯಿತು. ಅವರಲ್ಲಿ ಒಬ್ಬರಾದ ಅಲಿ ಹುಸೇನ್ ಅವರ ಹೆಸರು ಪಕ್ಷಿತಜ್ಞರ ನಡುವೆ ಗೌರವದಿಂದ ಉಲ್ಲೇಖವಾಗುತ್ತದೆ. ತಮಿಳುನಾಡಿನಲ್ಲಿ ಹಾವಿನ ಚರ್ಮದ ವ್ಯಾಪಾರ ನಿಷೇಧಗೊಂಡು ಕಂಗೆಟ್ಟ ಇರುಳರಿಗಾಗಿ 1978ರಲ್ಲಿ ಸಹಕಾರ ಸಂಘ ಸ್ಥಾಪನೆಯಾಯಿತು. ಹಾವುಗಳಿಂದ ವಿಷ ತೆಗೆದು ಅವುಗಳನ್ನು ಮತ್ತೆ ಬಿಡುವ ಈ ವ್ಯವಸ್ಥೆಯಿಂದ ಹಾವುಕಡಿತದ ಔಷಧಿಗೆ ಮೂಲದ್ರವ್ಯ ದೊರೆಯಿತು. ಇರುಳರಿಗೆ ತಮ್ಮ ಕಸುಬೇ ಕಾನೂನುಬದ್ಧ ಉದ್ಯೋಗವಾಯಿತು. 2023ರಲ್ಲಿ ಇಬ್ಬರು ಇರುಳ ಹಾವಾಡಿಗರಾದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ ಪದ್ಮಶ್ರೀ ಸಂದಿತು.

ಮೈಸೂರು ಸೀಮೆಯ ಹಕ್ಕಿಪಿಕ್ಕಿಗಳ ವಿಷಯದಲ್ಲಿ ಇಷ್ಟು ವ್ಯಾಪಕವಾದ ವ್ಯವಸ್ಥೆ ರೂಪುಗೊಳ್ಳಲಿಲ್ಲ. ನಾಗರಹೊಳೆಯಂತಹ ಸಂರಕ್ಷಿತ ಅರಣ್ಯವೂ ವಲಸೆಹಕ್ಕಿಗಳ ಕೆರೆಗಳೂ ಇರುವ ಜಿಲ್ಲೆಯಲ್ಲಿ ಹೆಜ್ಜೆಗುರುತು ಓದಬಲ್ಲ, ಹಕ್ಕಿಯ ಕೂಗನ್ನು ನುಡಿಯಬಲ್ಲ, ಬೆಳೆಯೊಡನೆ ಪ್ರಾಣಿಗಳ ಚಲನೆಯನ್ನು ತಿಳಿದ ಜನರು ತೈಲದ ಸೀಸೆ ಮಾರಲು ಖಂಡಾಂತರ ಹೋಗಬೇಕಾದುದು ನೀತಿನಿರೂಪಣೆಯ ಕೊರತೆಯನ್ನು ತೋರಿಸುತ್ತದೆ. ಬಲೆಯನ್ನು ಕಂಡ ಹಿರಿಯರ ತಲೆಮಾರು ಕರಗುತ್ತಿರುವುದರಿಂದ ಕಾಲಾವಕಾಶವೂ ಕಿರಿದಾಗುತ್ತಿದೆ.

ಸಮಾರೋಪ

ಒಟ್ಟಿನಲ್ಲಿ ಹಕ್ಕಿಪಿಕ್ಕಿಗಳ ಬಲೆಗಾರಿಕೆಯು ಕಾಡಿನ ಬೇಟೆಯಲ್ಲ, ಬೇಸಾಯದ ಸೀಮೆಯ ಬೇಟೆ. ಅದರ ಋತುವನ್ನು ಅಳೆದುದು ಪ್ರಾಣಿಯ ತುಪ್ಪಳವಲ್ಲ, ಮೈಸೂರು ಸೀಮೆಯ ಕೊಯ್ಲು ಮತ್ತು ಜಾತ್ರೆ. ಕಾನೂನು ಬೇಟೆಯನ್ನು ತೆಗೆದುಹಾಕಿತು. ಸಂಚಾರವು ವ್ಯಾಪಾರದ ರೂಪದಲ್ಲಿ ಉಳಿಯಿತು. ಆದುದರಿಂದ ಈ ಸಮುದಾಯದ ಅಭಿವೃದ್ಧಿಯನ್ನು ಕುರಿತು ಯೋಚಿಸುವಾಗ ಸಂಚಾರವನ್ನು ದೋಷವೆಂದು ಕಾಣದೆ ವೃತ್ತಿಯ ಲಕ್ಷಣವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ತಂದೆತಾಯಿಗಳು ತಿಂಗಳುಗಟ್ಟಲೆ ಹೊರಗಿರುವಾಗ ಮಕ್ಕಳ ವ್ಯಾಸಂಗ ಮುಂದುವರಿಯಲು ವಸತಿಶಾಲೆ, ವಿದೇಶಕ್ಕೆ ಹೋಗುವವರಿಗೆ ನೋಂದಣಿ ಮತ್ತು ರಕ್ಷಣೆ, ತೈಲ ತಯಾರಿಕೆಗೆ ಗುಣಮಟ್ಟದ ಪರೀಕ್ಷೆ ಹಾಗೂ ಸಹಕಾರಿ ಮಾರಾಟ ವ್ಯವಸ್ಥೆ, ಪಕ್ಷಿಗಣತಿ ಮತ್ತು ವನ್ಯಜೀವಿ ರಕ್ಷಣೆಯ ಕೆಲಸಗಳಲ್ಲಿ ಅವಕಾಶ, ಇವು ಇಂತಹ ಚಿಂತನೆಯಿಂದ ಹೊರಡುವ ಕ್ರಮಗಳು.

ವಿದ್ವತ್ ಲೋಕದ ಹೊಣೆಯೂ ಕಡಿಮೆಯಲ್ಲ. ವಾಗ್ರಿಬೋಲಿಯಲ್ಲಿರುವ ಬಲೆಯ ಬಗೆಗಳು, ಗಂಟುಗಳು, ಹಕ್ಕಿಪ್ರಾಣಿಗಳು, ಕೂಗುಗಳು, ದಾರಿಗುರುತುಗಳ ಹೆಸರುಗಳನ್ನು ಕನ್ನಡದ ಸಮಾನ ಪದಗಳೊಡನೆ ಸಂಗ್ರಹಿಸುವ ಕಾರ್ಯ ತುರ್ತಾಗಿ ಆಗಬೇಕಾಗಿದೆ. ಬಲೆ ಮರಳಿ ಬರಬೇಕೆಂದು ಯಾರೂ ಹೇಳಲಾರರು. ಆದರೆ ಆ ಬಲೆಯನ್ನು ಹೆಣೆದ ಅರಿವು, ಅದನ್ನು ಹೆಸರಿಸಿದ ಮಾತು ಇವೆರಡೂ ಅದರೊಡನೆಯೇ ಅಳಿಯಬೇಕಾಗಿಲ್ಲ.